ಲಿಬರಲ್ ಆರ್ಟ್ಸ್ ಓದಿದರೆ ಕೆಲಸ ಸಿಗುತ್ತಾ? ಮೊದಲ ಸಂಬಳದಾಚೆಗಿನ ಲೆಕ್ಕ

2014ರ ಜನವರಿ. ಆಗ ಅಮೆರಿಕದ ಅಧ್ಯಕ್ಷರಾಗಿದ್ದ ಬರಾಕ್ ಒಬಾಮ ವಿಸ್ಕಾನ್ಸಿನ್ ರಾಜ್ಯದ ಒಂದು ಕಾರ್ಖಾನೆಯಲ್ಲಿ ಭಾಷಣ ಮಾಡುತ್ತಿದ್ದರು. ಒಳ್ಳೆಯ ಕಸುಬು ಕಲಿತವರು ಕಲಾ ಇತಿಹಾಸದ ಪದವಿ ಪಡೆದವರಿಗಿಂತ ಜಾಸ್ತಿ ಸಂಪಾದಿಸಬಹುದು ಎಂದು ಮಾತಿನ ಮಧ್ಯೆ ಹೇಳಿದರು. ಕಲಾ ಇತಿಹಾಸ ಕಲಿಸುವ ಪ್ರಾಧ್ಯಾಪಕಿಯೊಬ್ಬರಿಗೆ ಇದು ಚುಚ್ಚಿತು. ಅವರು ಶ್ವೇತಭವನಕ್ಕೆ ಬರೆದರು. ಒಬಾಮ ತಮ್ಮ ಕೈಬರಹದಲ್ಲೇ ಕ್ಷಮೆ ಕೇಳಿ ಉತ್ತರ ಕಳಿಸಿದರು. ಹೈಸ್ಕೂಲಿನಲ್ಲಿ ತಮಗೆ ತುಂಬಾ ಇಷ್ಟವಾಗಿದ್ದ ವಿಷಯಗಳಲ್ಲಿ ಕಲಾ ಇತಿಹಾಸವೂ ಒಂದು ಎಂದರು. ತಾವು ಹೇಳಿದ್ದು ಉದ್ಯೋಗ ಮಾರುಕಟ್ಟೆಯ ಬಗ್ಗೆ, ಆ ವಿಷಯದ ಬೆಲೆಯ ಬಗ್ಗೆ ಅಲ್ಲ ಎಂದೂ ಸೇರಿಸಿದರು.

ಕ್ಷಮೆ ಕೇಳಿದ್ದು ದೊಡ್ಡತನ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಪತ್ರ ಒಂದು ವಿಷಯವನ್ನು ಸದ್ದಿಲ್ಲದೆ ಒಪ್ಪಿಕೊಂಡುಬಿಟ್ಟಿತು. ಓದಿನ ಬೆಲೆ ಬೇರೆ, ಕೆಲಸದ ಬೆಲೆ ಬೇರೆ ಎಂದು. ಇತಿಹಾಸ, ತತ್ವಶಾಸ್ತ್ರ, ಸಾಹಿತ್ಯ ಓದಿದರೆ ಮನಸ್ಸಿಗೆ ಒಳ್ಳೆಯದು, ಹೊಟ್ಟೆಗೆ ಕಷ್ಟ. ಈ ವಿಷಯಗಳನ್ನು ಪ್ರೀತಿಸುವವರೂ ಹೀಗೇ ನಂಬಿರುತ್ತಾರೆ. ಈ ನಂಬಿಕೆ ಎಷ್ಟು ನಿಜ, ಎಲ್ಲಿ ಸುಳ್ಳು ಎಂದು ಅಂಕಿಅಂಶ ಇಟ್ಟುಕೊಂಡು ನೋಡೋಣ. ಅಂಕಿಗಳೆಲ್ಲ ಹೆಚ್ಚುಕಡಿಮೆ ಅಮೆರಿಕದವು. ಒಂದೇ ಕಸುಬಿಗೆ ತಯಾರು ಮಾಡದೆ ಸಾಹಿತ್ಯದಿಂದ ವಿಜ್ಞಾನದವರೆಗೆ ವಿಶಾಲವಾಗಿ ಕಲಿಸುವ ಲಿಬರಲ್ ಆರ್ಟ್ಸ್ ಕಾಲೇಜು ಎಂಬ ಪದ್ಧತಿ ಬಲವಾಗಿ ಬೇರೂರಿರುವುದು ಅಲ್ಲಿ. ಪದವೀಧರರ ಸಂಬಳದ ಲೆಕ್ಕವನ್ನೂ ಅಲ್ಲಿ ವರ್ಷಗಟ್ಟಲೆ ಇಟ್ಟುಕೊಂಡು ಬಂದಿದ್ದಾರೆ.

ಮೊದಲು ಈಚಿನ ಸುದ್ದಿಯಿಂದ ಶುರು ಮಾಡುತ್ತೇನೆ. ಅಮೆರಿಕದ ಕೇಂದ್ರ ಬ್ಯಾಂಕ್ ವ್ಯವಸ್ಥೆಯ ಭಾಗವಾದ ನ್ಯೂಯಾರ್ಕ್ ಫೆಡರಲ್ ರಿಸರ್ವ್ ಬ್ಯಾಂಕು ಹೊಸ ಪದವೀಧರರ ಬಗ್ಗೆ, ಅಂದರೆ 22ರಿಂದ 27 ವಯಸ್ಸಿನವರ ಬಗ್ಗೆ, ವಿಷಯವಾರು ಪಟ್ಟಿ ಪ್ರಕಟಿಸುತ್ತದೆ. 2025ರಲ್ಲಿ ಹೊರಬಂದ ಪಟ್ಟಿಯಲ್ಲಿ ಕಂಪ್ಯೂಟರ್ ಎಂಜಿನಿಯರಿಂಗ್ ಓದಿದವರ ನಿರುದ್ಯೋಗ ಪ್ರಮಾಣ ಶೇ. 7.5, ಕಂಪ್ಯೂಟರ್ ಸೈನ್ಸ್ ಶೇ. 6.1. ತತ್ವಶಾಸ್ತ್ರ ಓದಿದವರದು ಶೇ. 3.2. ಒಬಾಮ ಹೆಸರಿಸಿದ ಅದೇ ಕಲಾ ಇತಿಹಾಸದ್ದು ಶೇ. 3. ಈ ನಾಲ್ಕು ಅಂಕಿಗಳು ಎಲ್ಲೆಡೆ ಓಡಾಡಿದವು. ನೋಡಿದಿರಾ, ಕಲಾ ವಿಷಯ ಓದಿದವರೇ ಗೆದ್ದರು ಎಂದು ಬಹಳ ಜನ ಬರೆದರು.

ನನಗೂ ಹಾಗೆ ಬರೆಯುವ ಆಸೆ ಆಗಿತ್ತು. ಆದರೆ ಅದೇ ಪಟ್ಟಿಯಲ್ಲಿ ಪಕ್ಕದ ಕಾಲಂ ಒಂದಿದೆ. ಕೆಲಸದಲ್ಲಿ ಇರುವವರ ಪೈಕಿ ಎಷ್ಟು ಜನ ಪದವಿಯೇ ಬೇಡದ ಕೆಲಸ ಮಾಡುತ್ತಿದ್ದಾರೆ ಎಂಬ ಲೆಕ್ಕ ಅಲ್ಲಿದೆ. ಕಂಪ್ಯೂಟರ್ ಸೈನ್ಸ್ ಓದಿದವರಲ್ಲಿ ಇಂಥವರು ಆರರಲ್ಲಿ ಒಬ್ಬರು. ಕಲಾ ಇತಿಹಾಸದಲ್ಲಿ ಹೆಚ್ಚುಕಡಿಮೆ ಅರ್ಧ. ಅಂದರೆ ಕಲಾ ಇತಿಹಾಸದ ಪದವೀಧರೆ ಮನೆಯಲ್ಲಿ ಸುಮ್ನೆ ಕೂತಿಲ್ಲ, ನಿಜ. ಕಾಫಿ ಅಂಗಡಿಯ ಕೌಂಟರಿನಲ್ಲೋ, ಬಟ್ಟೆ ಅಂಗಡಿಯಲ್ಲೋ ನಿಂತಿರಬಹುದು. ಕಂಪ್ಯೂಟರ್ ಓದಿದ ಹುಡುಗ ತನ್ನ ಓದಿಗೆ ತಕ್ಕ ಕೆಲಸ ಬರಲಿ ಎಂದು ಕಾಯುತ್ತಿರಬಹುದು. ಕಾಯುವವನು ನಿರುದ್ಯೋಗಿಗಳ ಲೆಕ್ಕಕ್ಕೆ ಸೇರುತ್ತಾನೆ, ಕೌಂಟರಿನಲ್ಲಿ ನಿಂತವಳು ಸೇರುವುದಿಲ್ಲ. ಒಂದೇ ಕಾಲಂ ಓದಿ ಖುಷಿಪಟ್ಟರೆ ಹದಿನೆಂಟರ ಹುಡುಗ ಹುಡುಗಿಯರಿಗೆ ನಾವು ಮೋಸ ಮಾಡಿದ ಹಾಗೆ ಆಗುತ್ತದೆ.

ಹೆಸರಿನ ಗೊಂದಲ

ಲೆಕ್ಕಕ್ಕೆ ಇಳಿಯುವ ಮುಂಚೆ ಒಂದು ತಪ್ಪು ಕಲ್ಪನೆ ಬಿಡಿಸಬೇಕು. ಲಿಬರಲ್ ಆರ್ಟ್ಸ್ ಅಂದರೆ ಬರೀ ಸಾಹಿತ್ಯ, ಚಿತ್ರಕಲೆ ಅಲ್ಲ. ಲ್ಯಾಟಿನ್ನಿನ 'ಲಿಬರ್' ಎಂಬ ಪದಕ್ಕೆ ಸ್ವತಂತ್ರ ಎಂದರ್ಥ. ಯಾರ ಗುಲಾಮನೂ ಅಲ್ಲದ ಪ್ರಜೆಗೆ ಬೇಕಾದ ವಿದ್ಯೆ ಎಂಬುದು ಮೂಲ ಭಾವ. ಮಧ್ಯಯುಗದ ಯೂರೋಪಿನಲ್ಲಿ ಇವು ಏಳು ಇದ್ದವು. ವ್ಯಾಕರಣ, ತರ್ಕ, ಮಾತುಗಾರಿಕೆ ಮೂರು. ಅಂಕಗಣಿತ, ರೇಖಾಗಣಿತ, ಸಂಗೀತ, ಖಗೋಳ ನಾಲ್ಕು. ಏಳರಲ್ಲಿ ಎರಡು ನೇರ ಗಣಿತ. ಸಂಗೀತವನ್ನೂ ಆಗ ಸ್ವರಗಳ ನಡುವಿನ ಅನುಪಾತದ ಲೆಕ್ಕವಾಗಿಯೇ ಕಲಿಸುತ್ತಿದ್ದರು. ಇವತ್ತಿಗೂ ಲಿಬರಲ್ ಆರ್ಟ್ಸ್ ಕಾಲೇಜಿನಲ್ಲಿ ಭೌತಶಾಸ್ತ್ರ, ಜೀವಶಾಸ್ತ್ರ, ಅರ್ಥಶಾಸ್ತ್ರ ಎಲ್ಲವೂ ಇರುತ್ತವೆ. ಲೆಕ್ಕ ಬಾರದವರು ಸೇರುವ ಜಾಗ ಇದು ಎಂಬ ಮಾತಿಗೆ ಆಧಾರವೇ ಇಲ್ಲ.

ಇದರಿಂದ ಪ್ರಯೋಜನ ಏನು ಎಂಬ ಜಗಳವೂ ಹೊಸದಲ್ಲ. 1820ರ ದಶಕದಲ್ಲೇ ಅಮೆರಿಕದ ಯೇಲ್ ಕಾಲೇಜಿನ ಮೇಲೆ ಒತ್ತಡ ಇತ್ತು. ಗ್ರೀಕ್, ಲ್ಯಾಟಿನ್ ಬಿಡಿ, ಉಪಯೋಗಕ್ಕೆ ಬರುವುದನ್ನು ಕಲಿಸಿ ಎಂದು. 1828ರಲ್ಲಿ ಅಲ್ಲಿನ ಅಧ್ಯಾಪಕರು ಒಂದು ವರದಿ ಬರೆದು ಉತ್ತರ ಕೊಟ್ಟರು. ಕಾಲೇಜು ಕೊಡಬೇಕಾದ್ದು ಎರಡು, ಮನಸ್ಸಿಗೆ ಶಿಸ್ತು ಮತ್ತು ಮನಸ್ಸಿನೊಳಗೆ ಸರಕು. ಈ ಎರಡರಲ್ಲಿ ಶಿಸ್ತೇ ಹೆಚ್ಚು ಮುಖ್ಯ ಎಂದು ಅವರು ವಾದಿಸಿದರು. ಸರಕು ಹಳತಾಗುತ್ತದೆ, ಶಿಸ್ತು ಉಳಿಯುತ್ತದೆ. ಸುಮಾರು ಇನ್ನೂರು ವರ್ಷದ ಹಿಂದಿನ ಈ ವಾದವನ್ನು ಈಗ ಸಂಬಳದ ಅಂಕಿಗಳಲ್ಲಿ ಪರೀಕ್ಷೆ ಮಾಡಬಹುದು. ಮಾಡಿದವರೂ ಇದ್ದಾರೆ.

ಇಪ್ಪತ್ತೈದರಲ್ಲಿ ಒಂದು, ನಲವತ್ತರಲ್ಲಿ ಇನ್ನೊಂದು

ಹಾರ್ವರ್ಡ್‌ನ ಅರ್ಥಶಾಸ್ತ್ರಜ್ಞ ಡೇವಿಡ್ ಡೆಮಿಂಗ್ 2019ರಲ್ಲಿ ಕೊಟ್ಟ ಲೆಕ್ಕ ನೋಡಿ. 23ರಿಂದ 25 ವಯಸ್ಸಿನ ಗಂಡಸರಲ್ಲಿ ಕಂಪ್ಯೂಟರ್ ಅಥವಾ ಎಂಜಿನಿಯರಿಂಗ್ ಓದಿದವರ ಸರಾಸರಿ ಸಂಬಳ ವರ್ಷಕ್ಕೆ ಸುಮಾರು 61,700 ಡಾಲರ್. ಇತಿಹಾಸ ಅಥವಾ ಸಮಾಜ ವಿಜ್ಞಾನ ಓದಿದವರದು ಸುಮಾರು 45,000. ಅಂತರ ಶೇ. 37. ಆ ವಯಸ್ಸಿನಲ್ಲಿ ಇದು ಸಣ್ಣದಲ್ಲ. ಬಾಡಿಗೆ ಮನೆ, ಸಾಲದ ಕಂತು, ಮದುವೆ ಎಲ್ಲವನ್ನೂ ತೀರ್ಮಾನಿಸುವ ಅಂತರ ಅದು.

ಅದೇ ವಿಷಯಗಳನ್ನು ಓದಿದ ನಲವತ್ತರ ವಯಸ್ಸಿನವರನ್ನು ನೋಡಿದರೆ ಚಿತ್ರ ಬೇರೆ. ಕಂಪ್ಯೂಟರ್, ಎಂಜಿನಿಯರಿಂಗ್ ಓದಿದವರು ಸುಮಾರು 1,24,500 ಡಾಲರಿಗೆ ಬಂದಿರುತ್ತಾರೆ. ಇತಿಹಾಸ, ಸಮಾಜ ವಿಜ್ಞಾನದವರು ಸುಮಾರು 1,31,000ಕ್ಕೆ. ಹಿಂದೆ ಇದ್ದವರು ಸರಿಗಟ್ಟಿ, ಸ್ವಲ್ಪ ಮುಂದೂ ಹೋಗಿರುತ್ತಾರೆ. ಹೆಂಗಸರಲ್ಲಿ ಪೂರ್ತಿ ಹೀಗಾಗುವುದಿಲ್ಲ. ಶುರುವಿನಲ್ಲಿ ಶೇ. 50ರ ಹತ್ತಿರ ಇರುವ ಅಂತರ ನಲವತ್ತರ ಹೊತ್ತಿಗೆ ಶೇ. 10ಕ್ಕೆ ಇಳಿಯುತ್ತದೆ, ಆದರೆ ಅಳಿಯುವುದಿಲ್ಲ. ಗಂಡಸರ ಅಂಕಿಯನ್ನು ಮಾತ್ರ ಹೇಳಿ ಈ ಮಾತನ್ನು ಬಿಡುವವರು ಬಹಳ ಜನ. ಅದನ್ನು ಬಿಡಬಾರದು. ಕಾಲೇಜಿನ ಕಲಾ ತರಗತಿಗಳಲ್ಲಿ ಕೂತಿರುವವರಲ್ಲಿ ಹುಡುಗಿಯರೇ ಜಾಸ್ತಿ, ಅಲ್ವಾ?

ಅಂತರ ಯಾಕೆ ಕರಗುತ್ತದೆ? ಎರಡು ಕಾರಣ. ಒಂದು, ತಂತ್ರಜ್ಞಾನದ ಕೌಶಲ ಬೇಗ ಹಳತಾಗುತ್ತದೆ. ಕಾಲೇಜಿನಿಂದ ಹೊರಬಂದ ದಿನ ಹೊಸ ಪದವೀಧರನ ಕೈಯಲ್ಲಿ ಇರುವುದು ತೀರಾ ಹೊಸ ಸರಕು. ಅದಕ್ಕೆ ಒಳ್ಳೆಯ ಬೆಲೆ. ಹತ್ತು ವರ್ಷದಲ್ಲಿ ಅವನಿಗಿಂತ ಹೊಸ ಸರಕು ಹೊತ್ತವರು ಬಾಗಿಲಲ್ಲಿ ನಿಂತಿರುತ್ತಾರೆ. ಮತ್ತೆ ಮತ್ತೆ ಕಲಿಯುವವರು ಉಳಿಯುತ್ತಾರೆ, ಮಿಕ್ಕವರ ಸಂಬಳ ನಿಂತ ನೀರಾಗುತ್ತದೆ. ಎರಡು, ವಯಸ್ಸಾದಂತೆ ದುಡ್ಡಿರುವ ಕೆಲಸಗಳ ಸ್ವಭಾವವೇ ಬದಲಾಗುತ್ತದೆ. ಜನರನ್ನು ನಡೆಸುವುದು, ಮಾತುಕತೆಯಲ್ಲಿ ಒಪ್ಪಂದ ಕುದುರಿಸುವುದು, ವಕಾಲತ್ತು, ಆಡಳಿತ. ಡೆಮಿಂಗ್ ಅವರೇ 2017ರಲ್ಲಿ ಇನ್ನೊಂದು ಲೆಕ್ಕ ತೋರಿಸಿದ್ದರು. 1980ರಿಂದ 2012ರ ನಡುವೆ ಅಮೆರಿಕದ ಒಟ್ಟು ಉದ್ಯೋಗಗಳಲ್ಲಿ ಜನರ ಜೊತೆ ಹೆಚ್ಚು ಒಡನಾಟ ಬೇಕಾದ ಕೆಲಸಗಳ ಪಾಲು ಹತ್ತಿರ ಹತ್ತಿರ 12 ಶೇಕಡಾವಾರು ಅಂಶದಷ್ಟು ಏರಿತು. ಬರೀ ಲೆಕ್ಕ ಬೇಕಾದ, ಜನರ ಒಡನಾಟ ಬೇಡದ ಕೆಲಸಗಳ ಪಾಲು ಇಳಿಯಿತು. ಲೆಕ್ಕ, ಒಡನಾಟ ಎರಡೂ ಬೇಕಾದ ಕೆಲಸಗಳಲ್ಲಿ ಸಂಬಳ ವಿಶೇಷವಾಗಿ ಚೆನ್ನಾಗಿ ಏರಿತು.

ಕಾಲೇಜುಗಳ ಮಟ್ಟದಲ್ಲೂ ಇದೇ ನಿಧಾನದ ಕಥೆ ಕಾಣುತ್ತದೆ. 2020ರಲ್ಲಿ ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ಸಂಶೋಧಕರು ಕಾಲೇಜಿಗೆ ಹಾಕಿದ ದುಡ್ಡು ಎಷ್ಟು ವಾಪಸ್ ಬರುತ್ತದೆ ಎಂದು ಲೆಕ್ಕ ಹಾಕಿದರು. ಸೇರಿದ ಹತ್ತು ವರ್ಷಕ್ಕೆ ನೋಡಿದರೆ ಲಿಬರಲ್ ಆರ್ಟ್ಸ್ ಕಾಲೇಜುಗಳ ಪ್ರತಿಫಲ 62,000 ಡಾಲರ್, ಎಲ್ಲ ಕಾಲೇಜುಗಳದು 1,07,000. ನಲವತ್ತು ವರ್ಷಕ್ಕೆ ನೋಡಿದರೆ ಲಿಬರಲ್ ಆರ್ಟ್ಸ್ ಕಾಲೇಜುಗಳದು 9,18,000, ಎಲ್ಲ ಕಾಲೇಜುಗಳದು 7,23,000. ಕೆಳಗಿದ್ದದ್ದು ಮೇಲೆ ಬಂತು. ಆದರೆ ಇಲ್ಲೂ ಹುಷಾರಾಗಿರಬೇಕು. ಲಿಬರಲ್ ಆರ್ಟ್ಸ್ ಕಾಲೇಜು ಎಂಬ ಈ ಗುಂಪಿನಲ್ಲಿ ಹಾರ್ವೀ ಮಡ್ ಥರದ ಕಾಲೇಜುಗಳೂ ಇವೆ, ಅಲ್ಲಿನ ಮಕ್ಕಳು ಓದುವುದು ಬಹುತೇಕ ಎಂಜಿನಿಯರಿಂಗ್, ಕಂಪ್ಯೂಟರ್, ವಿಜ್ಞಾನ. ಪಟ್ಟಿಯ ಮೇಲಿರುವ ಕಾಲೇಜುಗಳಿಗೆ ಮೊದಲೇ ಚೆನ್ನಾಗಿ ಓದಿದ, ಅನುಕೂಲಸ್ಥ ಮನೆಯ ಮಕ್ಕಳು ಬರುತ್ತಾರೆ. ಅವರಲ್ಲಿ ಅನೇಕರು ಪದವಿ ಮುಗಿಸಿ ಮತ್ತೆ ಓದಲು ಹೋಗುತ್ತಾರೆ. ಈ ಅಂಕಿಯನ್ನು ಸಾಮಾನ್ಯ ಕಾಲೇಜಿನ ಇತಿಹಾಸ ವಿದ್ಯಾರ್ಥಿನಿಯ ಮುಂದೆ ಇಟ್ಟು ನಿನಗೂ ಇಷ್ಟೇ ಬರುತ್ತೆ ಎಂದರೆ ಅದು ಸುಳ್ಳು ಭರವಸೆ.

ಅಲ್ಲಿ ನಿಜವಾಗಿ ಏನು ಕಲಿಯುತ್ತಾರೆ

ವಿಮರ್ಶಾತ್ಮಕ ಚಿಂತನೆ, ಸಂವಹನ ಕೌಶಲ. ಕಾಲೇಜಿನ ಕರಪತ್ರದಲ್ಲಿ ಇವೆರಡೂ ಇದ್ದೇ ಇರುತ್ತವೆ. ಕೇಳಿ ಕೇಳಿ ಸವೆದುಹೋದ ಮಾತುಗಳು. ಹಾಗಂದರೆ ಏನು ಎಂದು ಹತ್ತಿರದಿಂದ ನೋಡಬೇಕು.

ಒಂದು ಇತಿಹಾಸದ ತರಗತಿ ಅಂದುಕೊಳ್ಳಿ. ಮೇಜಿನ ಸುತ್ತ ಹನ್ನೆರಡು ಜನ. ಕೈಯಲ್ಲಿ ಮೂರು ಕಾಗದ. ನೂರು ವರ್ಷದ ಹಿಂದೆ ಒಂದು ಗಿರಣಿಗೆ ಬಿದ್ದ ಬೆಂಕಿಯ ಬಗ್ಗೆ ಮಾಲೀಕ ವಿಮಾ ಕಂಪನಿಗೆ ಬರೆದ ಪತ್ರ, ಒಬ್ಬ ಕೆಲಸಗಾರ್ತಿ ತನಿಖಾಧಿಕಾರಿಗೆ ಕೊಟ್ಟ ಹೇಳಿಕೆ, ಮರುದಿನದ ಪತ್ರಿಕೆಯ ಸುದ್ದಿ. ಬಾಗಿಲಿಗೆ ಬೀಗ ಹಾಕಿತ್ತಾ ಇಲ್ಲವಾ ಎಂಬಲ್ಲಿ ಮೂರೂ ಬೇರೆ ಬೇರೆ ಹೇಳುತ್ತವೆ. ಯಾರಿಗೆ ಯಾವ ಲಾಭ ಇತ್ತು? ಯಾರು ಕಣ್ಣಾರೆ ನೋಡಿದ್ದರು? ಪತ್ರಿಕೆಯವನಿಗೆ ಯಾರು ಹೇಳಿದರು? ವಿದ್ಯಾರ್ಥಿನಿ ಆರು ಪುಟ ಬರೆದು ಕೊಡುತ್ತಾಳೆ. ವಾಪಸ್ ಬಂದಾಗ ಮಾರ್ಜಿನ್ನಿನಲ್ಲಿ ಕೆಂಪು ಇಂಕಿನಲ್ಲಿ ಒಂದೇ ಪ್ರಶ್ನೆ ನಾಲ್ಕು ಕಡೆ: 'ಇದು ನಿನಗೆ ಹೇಗೆ ಗೊತ್ತು?' ಅವಳು ಮತ್ತೆ ಬರೆಯುತ್ತಾಳೆ. ಮೂರು ವರ್ಷ ಇದೇ ಆಗುತ್ತದೆ.

ಹತ್ತು ವರ್ಷದ ನಂತರ ಅವಳು ಒಂದು ಕಂಪನಿಯಲ್ಲಿ ಇದ್ದಾಳೆ ಅನ್ನಿ. ಮಾರಾಟ ಬಿದ್ದಿದೆ. ಮಾರಾಟ ವಿಭಾಗ ಬೆಲೆ ಜಾಸ್ತಿ ಎನ್ನುತ್ತದೆ, ತಯಾರಿಕಾ ವಿಭಾಗ ಜಾಹೀರಾತು ಸರಿಯಿಲ್ಲ ಎನ್ನುತ್ತದೆ, ಗ್ರಾಹಕರ ದೂರುಗಳು ಮೂರನೆಯದೇ ಏನೋ ಹೇಳುತ್ತಿವೆ. ಅವಳ ಮೇಜಿನ ಮೇಲೆ ಮತ್ತೆ ಮೂರು ಕಾಗದ. ನನಗೆ ಇಲ್ಲಿ ಓದಿನ ಬೆಲೆ, ಕೆಲಸದ ಬೆಲೆ ಎಂಬ ಗೋಡೆ ಕಾಣುವುದಿಲ್ಲ. ಕೆಲಸದಲ್ಲಿ ಅವಳಿಗೆ ಸಂಬಳ ತರುತ್ತಿರುವುದು ಆ ಕೆಂಪು ಇಂಕಿನ ಪ್ರಶ್ನೆಯೇ.

2008ರಲ್ಲಿ ಗೂಗಲ್ ತನ್ನ ಒಳ್ಳೆಯ ಮ್ಯಾನೇಜರುಗಳಲ್ಲಿ ಏನಿರುತ್ತದೆ ಎಂದು ಹುಡುಕಲು ಪ್ರಾಜೆಕ್ಟ್ ಆಕ್ಸಿಜನ್ ಎಂಬ ಅಧ್ಯಯನ ಶುರು ಮಾಡಿತು. ಎಂಜಿನಿಯರುಗಳೇ ತುಂಬಿದ ಕಂಪನಿ ಅದು. ಸಿಕ್ಕಿದ ಎಂಟು ಗುಣಗಳಲ್ಲಿ ತಾಂತ್ರಿಕ ಪರಿಣತಿ ಎಂಟನೆಯದು, ಕೊನೆಯದು. ಕೇಳಿಸಿಕೊಳ್ಳುವುದು, ಕೈಹಿಡಿದು ಕಲಿಸುವುದು ಅದಕ್ಕಿಂತ ಮೇಲೆ. ಇದನ್ನು ತೋರಿಸಿ ತಾಂತ್ರಿಕ ಓದು ಬೇಡ ಎನ್ನುವವರನ್ನು ನಂಬಬೇಡಿ. ಆ ಮ್ಯಾನೇಜರುಗಳಲ್ಲಿ ಬಹಳ ಜನ ತಾಂತ್ರಿಕ ಪರೀಕ್ಷೆ ದಾಟಿಯೇ ಒಳಗೆ ಬಂದವರು. ಒಳಗೆ ಬಂದ ಮೇಲೆ ಮೇಲಕ್ಕೆ ಒಯ್ದದ್ದು ಬೇರೆ ಗುಣ, ಅಷ್ಟೇ.

ಬಾಗಿಲ ಬಳಿಯ ಸಮಸ್ಯೆ

ನನ್ನ ನಿಜವಾದ ಕಳವಳ ಇರುವುದು ಇಲ್ಲಿ. ಒಳಗೆ ಹೋದ ಮೇಲೆ ಲಿಬರಲ್ ಆರ್ಟ್ಸ್ ಓದಿದವರು ಏರುತ್ತಾರೆ. ಆದರೆ ಒಳಗೆ ಹೋಗುವುದು ಹೇಗೆ?

2018ರಲ್ಲಿ ಉದ್ಯೋಗ ಮಾರುಕಟ್ಟೆಯ ಅಧ್ಯಯನ ಮಾಡುವ ಬರ್ನಿಂಗ್ ಗ್ಲಾಸ್ ಮತ್ತು ಶಿಕ್ಷಣ ಕ್ಷೇತ್ರದ ಸ್ಟ್ರಾಡಾ ಸಂಸ್ಥೆಗಳು ಸೇರಿ ಮಾಡಿದ ಅಧ್ಯಯನವೊಂದು ನನ್ನನ್ನು ಬಹಳ ದಿನ ಕಾಡಿತು. ಎಲ್ಲ ವಿಷಯಗಳ ಪದವೀಧರರನ್ನೂ ಸೇರಿಸಿ ಶೇ. 43 ಜನರ ಮೊದಲ ಕೆಲಸ ಪದವಿಯೇ ಬೇಡದ ಕೆಲಸ. ಹೀಗೆ ಶುರು ಮಾಡಿದವರಲ್ಲಿ ಮೂರನೇ ಎರಡು ಪಾಲು ಜನ ಐದು ವರ್ಷದ ನಂತರವೂ ಅಲ್ಲೇ. ಸದ್ಯಕ್ಕೆ ಸಿಕ್ಕಿದ್ದು ಮಾಡೋಣ, ಆಮೇಲೆ ನೋಡೋಣ ಎಂಬ ಮಾತು ಎಷ್ಟು ದುಬಾರಿ ಅಂತ ಇದರಿಂದ ಗೊತ್ತಾಗುತ್ತದೆ. ನಲವತ್ತರ ಸಂಬಳದ ಆಸೆ ತೋರಿಸುವ ಯಾರೇ ಆಗಲಿ, ಇಪ್ಪತ್ತೆರಡರ ಬಾಗಿಲನ್ನು ಮರೆತು ಮಾತಾಡಬಾರದು.

ಬಾಗಿಲ ಬಳಿ ತೊಡಕಾಗುವುದು ಯಾಕೆಂದರೆ, ಎಂಜಿನಿಯರಿಂಗ್ ಪದವಿಯ ಹೆಸರಲ್ಲೇ ಕೆಲಸದ ಹೆಸರಿದೆ. ಇತಿಹಾಸದ ಪದವಿಯಲ್ಲಿ ಇಲ್ಲ. ಅರ್ಜಿ ನೋಡುವವರಿಗೆ ಇರುವುದು ಅರ್ಧ ನಿಮಿಷ. 'ಇತಿಹಾಸದಲ್ಲಿ ಪದವಿ, ಒಳ್ಳೆಯ ಸಂವಹನ ಕೌಶಲ' ಎಂದು ಬರೆದರೆ ಆ ಅರ್ಧ ನಿಮಿಷದಲ್ಲಿ ಏನೂ ಕಾಣುವುದಿಲ್ಲ. ಅದೇ ಹುಡುಗಿ ಹೀಗೆ ಬರೆಯಲಿ: 'ಒಂದು ಅಗ್ನಿ ದುರಂತದ ಬಗ್ಗೆ 140 ಮೂಲ ದಾಖಲೆ ಓದಿ, ಅವುಗಳನ್ನು ಸ್ಪ್ರೆಡ್‌ಶೀಟಿನಲ್ಲಿ ದಿನಾಂಕವಾರು ಜೋಡಿಸಿ, ಒಂದಕ್ಕೊಂದು ಒಪ್ಪದ ಹೇಳಿಕೆಗಳನ್ನು ಗುರುತಿಸಿ 30 ಪುಟದ ವರದಿ ಬರೆದಿದ್ದೇನೆ.' ಓದಿದ್ದು ಅದೇ, ಮಾಡಿದ್ದು ಅದೇ. ಆದರೆ ಈಗ ವಿಮೆ, ತನಿಖೆ, ಸಂಶೋಧನೆ, ಕಾನೂನು ಕಚೇರಿ ಯಾವುದೇ ಆಗಲಿ, ಈಕೆ ಸೋಮವಾರ ಬೆಳಗ್ಗೆ ಬಂದು ಏನು ಮಾಡಬಲ್ಲಳು ಎಂದು ಓದುವವರಿಗೆ ಕಾಣುತ್ತದೆ. ಈ ಸಾಲು ಬರೆಯುವುದನ್ನು ಬಹಳಷ್ಟು ಕಾಲೇಜುಗಳು ಕಲಿಸುವುದೇ ಇಲ್ಲ. ಅದು ತಮ್ಮ ಕೆಲಸವಲ್ಲ ಎಂದು ಎಷ್ಟೋ ಅಧ್ಯಾಪಕರು ನಂಬಿದ್ದಾರೆ. ನನಗೆ ಸಿಟ್ಟು ಬರುವುದು ಇದಕ್ಕೇ.

ಸೇತುವೆ ಕಟ್ಟುವುದು ಅಂಥ ಕಷ್ಟವೂ ಅಲ್ಲ. ಬರ್ನಿಂಗ್ ಗ್ಲಾಸ್ 2013ರಲ್ಲಿ ಉದ್ಯೋಗ ಜಾಹೀರಾತುಗಳನ್ನು ಜಾಲಾಡಿ ಒಂದು ವಿಷಯ ಕಂಡುಕೊಂಡಿತು. ಲಿಬರಲ್ ಆರ್ಟ್ಸ್ ಓದಿದವರು ಮಾರಾಟ, ಮಾರ್ಕೆಟಿಂಗ್, ಸೋಷಿಯಲ್ ಮೀಡಿಯಾ, ಗ್ರಾಫಿಕ್ ಡಿಸೈನ್, ದತ್ತಾಂಶ ವಿಶ್ಲೇಷಣೆ, ಪ್ರೋಗ್ರಾಮಿಂಗ್ ಥರದ ಎಂಟು ಕೌಶಲಗಳಲ್ಲಿ ಯಾವುದಾದರೂ ಒಂದನ್ನು ಸೇರಿಸಿಕೊಂಡರೆ ಅವರಿಗೆ ತೆರೆಯುವ ಕೆಲಸಗಳ ಸಂಖ್ಯೆ ಹತ್ತಿರ ಹತ್ತಿರ ಎರಡರಷ್ಟಾಗುತ್ತದೆ. ಸಂಬಳವೂ ಸರಾಸರಿ 6,000 ಡಾಲರ್ ಜಾಸ್ತಿ. ಇನ್ನೊಂದು ಪದವಿ ಬೇಕಿಲ್ಲ. ಒಂದೆರಡು ಕೋರ್ಸು, ಒಂದು ಬೇಸಿಗೆಯ ಇಂಟರ್ನ್‌ಶಿಪ್ ಸಾಕು. ತತ್ವಶಾಸ್ತ್ರದ ಜೊತೆ ಸಂಖ್ಯಾಶಾಸ್ತ್ರ, ಸಾಹಿತ್ಯದ ಜೊತೆ ಡಿಸೈನ್. ಅದು ಎರಡನೇ ವರ್ಷದಲ್ಲೇ ಆಗಬೇಕು, ಪದವಿ ಪ್ರದಾನದ ಹಿಂದಿನ ವಾರ ಅಲ್ಲ.

ಕೃತಕ ಬುದ್ಧಿಮತ್ತೆ ಬಂದ ಮೇಲೆ ಇನ್ನು ಇತಿಹಾಸ, ಸಾಹಿತ್ಯ, ತತ್ವಶಾಸ್ತ್ರದಂಥ ಮಾನವಿಕ ವಿಷಯಗಳದ್ದೇ ಕಾಲ ಎಂದು ಕೆಲವರು ಹೇಳುತ್ತಿದ್ದಾರೆ. ನಾನು ಅಷ್ಟು ಬೇಗ ಒಪ್ಪಲಾರೆ. ಯಂತ್ರ ಬರೆದದ್ದು ಸರಿಯೋ ತಪ್ಪೋ ಎಂದು ಹೇಳಲು ಚೆನ್ನಾಗಿ ಓದಬಲ್ಲವರು ಬೇಕು, ನಿಜ. ಆದರೆ ಕಲಾ ಪದವೀಧರರು ಒಳಗೆ ಕಾಲಿಡುತ್ತಿದ್ದದ್ದು ಯಾವ ಕೆಲಸಗಳಿಂದ? ಟಿಪ್ಪಣಿ ಮಾಡುವುದು, ಮೊದಲ ಕರಡು ಬರೆಯುವುದು, ಸಾರಾಂಶ, ಅನುವಾದ. ಯಂತ್ರ ಮೊದಲು ಕೈ ಹಾಕಿರುವುದೂ ಅದಕ್ಕೇ. ಕೋಡ್ ಬರೆಯುವ ಹೊಸಬರಿಗೂ ಇದೇ ಪೆಟ್ಟು. ಏಣಿಯ ಕೆಳಗಿನ ಮೆಟ್ಟಿಲನ್ನೇ ತೆಗೆದರೆ ಮೇಲೆ ಜಾಗ ಇದ್ದೇನು ಪ್ರಯೋಜನ?

ಯಾರ ಕೈಗೆ ಉಳಿಯುತ್ತದೆ

ಸರ್ಕಾರಗಳು, ವಿಶ್ವವಿದ್ಯಾಲಯಗಳು ಈ ನಡುವೆ ಸುಲಭದ ದಾರಿ ಹಿಡಿದಿವೆ. ಆಸ್ಟ್ರೇಲಿಯಾ 2021ರಿಂದ ಮಾನವಿಕ ವಿಷಯಗಳ ಶುಲ್ಕವನ್ನು ಶೇ. 113ರಷ್ಟು ಏರಿಸಿತು. ಮಕ್ಕಳು 'ಕೆಲಸ ಸಿಗುವ' ವಿಷಯಕ್ಕೆ ಹೋಗಲಿ ಎಂಬ ಉದ್ದೇಶ. 2024ರಲ್ಲಿ ಅಲ್ಲಿನ ಸರ್ಕಾರವೇ ನೇಮಿಸಿದ್ದ ಸಮಿತಿ ಈ ವ್ಯವಸ್ಥೆ ಸೋತಿದೆ, ಬದಲಿಸಿ ಎಂದಿತು. ಅಮೆರಿಕದ ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯ 2023ರಲ್ಲಿ 28 ಮೇಜರ್‌ಗಳನ್ನು, ಅಂದರೆ ಪದವಿಯ ಮುಖ್ಯ ವಿಷಯಗಳನ್ನು, ಮುಚ್ಚಲು ತೀರ್ಮಾನಿಸಿತು. ವಿದೇಶಿ ಭಾಷೆಗಳಿಗೆ ದೊಡ್ಡ ಪೆಟ್ಟು ಬಿತ್ತು. ಅದು ಬಡ ರಾಜ್ಯವೊಂದರ ಸಾರ್ವಜನಿಕ ವಿಶ್ವವಿದ್ಯಾಲಯ.

ಗಮನಿಸಿ, ಹಳೆಯ ಶ್ರೀಮಂತ ಖಾಸಗಿ ಕಾಲೇಜುಗಳು ಇತಿಹಾಸ, ತತ್ವಶಾಸ್ತ್ರ ಮುಚ್ಚುತ್ತಿಲ್ಲ. ಅಲ್ಲಿ ಓದುವ ಮಕ್ಕಳಿಗೆ ಬಾಗಿಲು ತೆರೆದುಕೊಡಲು ಪರಿಚಯಸ್ಥರು ಇರುತ್ತಾರೆ, ಎರಡು ವರ್ಷ ಕಾಯಲು ಮನೆಯಲ್ಲಿ ದುಡ್ಡು ಇರುತ್ತದೆ. ನಲವತ್ತರ ಫಲ ಅವರಿಗೆ ಸಿಕ್ಕೇ ಸಿಗುತ್ತದೆ. ಸಾಲ ಮಾಡಿ ಓದುವ, ಮನೆಯಲ್ಲಿ ಮೊದಲು ಕಾಲೇಜು ಮೆಟ್ಟಿಲು ಹತ್ತಿದ ಹುಡುಗಿಗೆ ಮಾತ್ರ ಇದು ನಿನಗಲ್ಲ ಎಂದು ಹೇಳಿದಂತಾಗುತ್ತದೆ. ಸ್ವತಂತ್ರ ಪ್ರಜೆಯ ವಿದ್ಯೆ ಎಂದು ಹೆಸರಿಟ್ಟುಕೊಂಡದ್ದು ಮತ್ತೆ ಉಳ್ಳವರ ವಿದ್ಯೆ ಆಗುತ್ತಿದೆ. ನನಗೆ ಇದು ಸಂಬಳದ ಅಂಕಿಗಿಂತ ದೊಡ್ಡ ನೋವು.

ಹಾಗಾಗಿ ಇಂಥ ಓದಿಗೆ ಹೊರಟವರು, ಅವರ ಅಪ್ಪ ಅಮ್ಮ, ಕಾಲೇಜಿಗೆ ಹೋದಾಗ ನೇರವಾಗಿ ಕೇಳಬೇಕಾದ ಕೆಲವು ಪ್ರಶ್ನೆಗಳಿವೆ. ಹೋದ ವರ್ಷ ಈ ವಿಭಾಗದಿಂದ ಎಷ್ಟು ಜನ ಹೊರಬಂದರು? ಆರು ತಿಂಗಳಿಗೆ ಯಾರು ಯಾವ ಕೆಲಸದಲ್ಲಿದ್ದರು? ಆ ಕೆಲಸಕ್ಕೆ ಪದವಿ ಬೇಕಿತ್ತಾ? ಸಂಬಳ ಕೊಡುವ ಇಂಟರ್ನ್‌ಶಿಪ್ ಎಷ್ಟು ಜನರಿಗೆ ಸಿಕ್ಕಿತು? ಓದು ಮುಗಿಸುವಾಗ ಅವರ ತಲೆ ಮೇಲೆ ಎಷ್ಟು ಸಾಲ ಇತ್ತು? ಕಾಲೇಜಿನವರು ಶೇಕಡಾ ಇಷ್ಟು ಎಂದು ಒಂದು ಅಂಕಿ ಹೇಳಿದರೆ, ನಿಮ್ಮ ಸಮೀಕ್ಷೆಗೆ ಎಷ್ಟು ಜನ ಉತ್ತರ ಕೊಟ್ಟಿದ್ದರು ಎಂದೂ ಕೇಳಿ. ಇದು ನಿಮಗೆ ಹೇಗೆ ಗೊತ್ತು ಎಂದು.